ಹುಣ್ಣು ಮಾದರೂ ಉರಿ ಮಾಯದಿದ್ದರೆ

(ಬಾನುಲಿ ಭಾಷಣ)



ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಸರ್ಪಸುತ್ತು ಎದ್ದವರು ದವಾಖಾನೆಗೆ ಬಂದು ಮೊದಲು ಆಡುವುದು ನೋವಿನ ಮಾತಲ್ಲ. ಅಂಗಿ ಮೇಲೆತ್ತಿ, ಬೆನ್ನು ತಿರುಗಿಸಿ ನಿಂತು, “ಸಾಹೇಬ್ರ, ಹೆಡಿ ಬಾಲ ಕೂಡ್ಯಾವೇನ ನೋಡ್ರಿ” ಅನ್ನುತ್ತಾರೆ. ಸೊಂಟದ ಸುತ್ತ ಎದ್ದ ಗುಳ್ಳೆಗಳ ಸಾಲೇ ಹಾವು. ಅದರ ಹೆಡೆ ಸುತ್ತಿ ಬಂದು ಬಾಲವನ್ನು ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ ಎಂಬುದು ನಂಬಿಕೆ. ಎಂದೋ ಕಬ್ಬು ಕಡಿಯುವಾಗ ಕುಡಗೋಲಿಗೆ ಸಿಕ್ಕು ಸತ್ತ ಹಾವು ಆಗ ನೆನಪಾಗುತ್ತದೆ. ಪಂಚಮಿಗೆ ಹಾಲೆರೆಯುವುದು ಯಾವ ವರ್ಷ ತಪ್ಪಿತ್ತು ಎಂದು ಮನೆಯ ಹೆಣ್ಣುಮಕ್ಕಳು ಲೆಕ್ಕ ಹಾಕುತ್ತಾರೆ. ಉರಿ ಒಂದು ಕಡೆ, ಅಂಜಿಕೆ ಇನ್ನೊಂದು ಕಡೆ. ಎರಡರಲ್ಲಿ ಅಂಜಿಕೆ ಇಳಿಸುವುದು ಸುಲಭ. ಅದನ್ನೇ ಮೊದಲು ಮುಗಿಸುತ್ತೇನೆ.

ಹೆಡೆ ಬಾಲ ಕೂಡುವುದಿಲ್ಲ. ನಮ್ಮ ಬೆನ್ನುಹುರಿಯಿಂದ ನರಗಳು ಜೋಡಿಯಾಗಿ ಹೊರಡುತ್ತವೆ, ಎಡಕ್ಕೊಂದು, ಬಲಕ್ಕೊಂದು. ಇಂಥ ಜೋಡಿ ಒಟ್ಟು 31. ಒಂದೊಂದು ನರಕ್ಕೂ ಚರ್ಮದ ಮೇಲೆ ಪಟ್ಟಿಯಂಥ ತನ್ನದೇ ಹದ್ದು ಇದೆ. ಹೊಕ್ಕುಳ ಮಟ್ಟದ ಪಟ್ಟಿ ಎದೆಭಾಗದ ಹತ್ತನೆಯ ನರಕ್ಕೆ ಸೇರಿದ್ದು. ಆ ಪಟ್ಟಿ ಹಿಂದೆ ಬೆನ್ನೆಲುಬಿನ ಬದಿಯಲ್ಲಿ ಶುರುವಾಗಿ, ಪಕ್ಕೆಯನ್ನು ಬಳಸಿ, ಮುಂದೆ ಮೈಯ ನಡುಗೆರೆಗೆ ಬಂದು ನಿಂತುಬಿಡುತ್ತದೆ. ಅದರಾಚೆ ಇನ್ನೊಂದು ಬದಿಯ ನರದ ಹದ್ದು. ಸರ್ಪಸುತ್ತು ಹಿಡಿಯುವುದು ಸಾಮಾನ್ಯವಾಗಿ ಒಂದು ಬದಿಯ ಒಂದು ನರವನ್ನು, ಹೆಚ್ಚೆಂದರೆ ಪಕ್ಕದ ಒಂದೆರಡನ್ನು. ಹೀಗಾಗಿ ಗುಳ್ಳೆಗಳು ನಡುಗೆರೆ ದಾಟಿ ಆಚೆ ಹೋಗುವುದಿಲ್ಲ. ಮೈಯಲ್ಲಿ ರೋಗ ತಡೆಯುವ ಶಕ್ತಿ ತೀರ ಕುಸಿದವರಲ್ಲಿ ಅಪರೂಪಕ್ಕೆ ಎರಡೂ ಬದಿ ಏಳಬಹುದು. ಅವರಿಗೆ ಅಪಾಯ ಬರುವುದು ಆ ಕುಸಿತದಿಂದಲೇ ಹೊರತು ಗುಳ್ಳೆಯ ಸಾಲುಗಳು ಒಂದಕ್ಕೊಂದು ಕೂಡಿದ್ದರಿಂದಲ್ಲ.

ಇನ್ನು, ಇದು ಹೊರಗಿನಿಂದ ಬಂದು ಸುತ್ತಿಕೊಂಡದ್ದೂ ಅಲ್ಲ. ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ಆಗಿರುತ್ತದೆ. ಮನೆಯಲ್ಲಿ ಅಮ್ಮ ಆಡ್ಯಾಳ ಎಂದು ಬೇವಿನ ಸೊಪ್ಪು ಕಟ್ಟಿರುತ್ತಾರೆ. ಹತ್ತು ಹದಿನೈದು ದಿನಕ್ಕೆ ಗುಳ್ಳೆ ಉದುರಿ ಹುಡುಗ ಮತ್ತೆ ಆಡಲು ಓಡುತ್ತಾನೆ. ಆದರೆ ಆ ಬೇನೆ ತಂದ ವೈರಾಣು ಮೈಬಿಟ್ಟು ಹೋಗಿರುವುದಿಲ್ಲ. ವ್ಯಾರಿಸೆಲ್ಲಾ ಜೋಸ್ಟರ್ ಎಂದು ಅದರ ಹೆಸರು. ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿ ಅದು ಸದ್ದಿಲ್ಲದೆ ಉಳಿದುಬಿಡುತ್ತದೆ, ನಲವತ್ತು ಐವತ್ತು ವರ್ಷಗಳವರೆಗೂ. ವಯಸ್ಸಾಗಿಯೋ, ಸಕ್ಕರೆ ಕಾಯಿಲೆಯಿಂದಲೋ, ದೊಡ್ಡ ಬೇನೆಯ ಔಷಧಿಗಳಿಂದಲೋ ಮೈಯ ಕಾವಲು ಸಡಿಲವಾದಾಗ ಯಾವುದೋ ಒಂದು ಗಂಟಿನಿಂದ ಎದ್ದು, ಆ ನರದ ಗುಂಟ ಚರ್ಮಕ್ಕೆ ಇಳಿಯುತ್ತದೆ. ಗುಳ್ಳೆಗಳು ಪಟ್ಟಿಯಾಗಿ ಏಳುವುದು ಇದಕ್ಕೇ.

ಈ ಸಂಗತಿಯನ್ನು ಗೊತ್ತುಮಾಡಿದವರಲ್ಲಿ ಒಬ್ಬ ಊರ ಡಾಕ್ಟರು ಇದ್ದರೆಂಬುದು ನಮ್ಮಂಥ ತಾಲೂಕಿನ ವೈದ್ಯರಿಗೆ ಹೆಮ್ಮೆಯ ಮಾತು. ಇಂಗ್ಲೆಂಡಿನ ಸೈರೆನ್‌ಸೆಸ್ಟರ್ ಎಂಬ ಸಣ್ಣ ಪೇಟೆಯಲ್ಲಿ ಎಡ್ಗರ್ ಹೋಪ್-ಸಿಂಪ್ಸನ್ ದವಾಖಾನೆ ನಡೆಸುತ್ತಿದ್ದರು. ಹದಿನಾರು ವರ್ಷ ತಮ್ಮಲ್ಲಿಗೆ ಬಂದ ಸರ್ಪಸುತ್ತಿನ 192 ಪ್ರಕರಣಗಳನ್ನು ಒಂದೂ ಬಿಡದೆ ಬರೆದಿಟ್ಟರು. ವಯಸ್ಸು ಏರಿದಂತೆ ರೋಗವೂ ಏರುವುದನ್ನು ಕಂಡರು. ಸೀತಾಳೆ ಸಿಡುಬಿನ ಹಳೆಯ ವೈರಾಣುವೇ ಮೈಯೊಳಗೆ ಮಲಗಿದ್ದು ಏಳುತ್ತದೆ ಎಂದು 1965ರಲ್ಲಿ ವಾದ ಮುಂದಿಟ್ಟರು. ಎರಡೂ ಬೇನೆಗೆ ಒಂದೇ ವೈರಾಣು ಎಂಬುದನ್ನು ಅಮೆರಿಕದ ಥಾಮಸ್ ವೆಲ್ಲರ್ 1950ರ ದಶಕದಲ್ಲೇ ಪ್ರಯೋಗಶಾಲೆಯಲ್ಲಿ ತೋರಿಸಿದ್ದರು. ಆದರೆ ಅದು ಯಾರಿಗೆ, ಯಾವಾಗ, ಏಕೆ ಏಳುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಊರ ಡಾಕ್ಟರರ ಆ ವಹಿಗಳಲ್ಲಿ.

ಈಗ ರೋಗ ಶುರುವಾಗುವ ಬಗೆ. ಹೆಚ್ಚಿನವರಲ್ಲಿ ಗುಳ್ಳೆಗಿಂತ ಮೊದಲು ನೋವು ಬರುತ್ತದೆ. ಒಂದರಿಂದ ಐದು ದಿನ ಬರೀ ಉರಿ, ಚುಚ್ಚು, ಜುಮುಜುಮು. ಚರ್ಮದ ಮೇಲೆ ಏನೂ ಇಲ್ಲ. ಎಲ್ಲರೂ ಎಡವುವುದು ಇಲ್ಲೇ. ಎಡ ಎದೆಯ ಪಟ್ಟಿಯಾದರೆ ಹೃದಯದ್ದೆಂದು ಗಾಬರಿ ಬೀಳುತ್ತಾರೆ. ಬಲಗಡೆ ಕೆಳಹೊಟ್ಟೆಯಾದರೆ ಅಪೆಂಡಿಕ್ಸ್ ಅನ್ನುತ್ತಾರೆ. ಪಕ್ಕೆಯ ಹಿಂದಾದರೆ ಕಿಡ್ನಿಯಲ್ಲಿ ಹರಳು ಎಂದು ಸ್ಕ್ಯಾನಿಂಗಿಗೆ ಓಡುತ್ತಾರೆ. ಹಾಗೆ ಓಡಿದ್ದು ತಪ್ಪೆಂದು ನಾನು ಹೇಳಲಾರೆ. ಎದೆ ನೋವಿದ್ದಾಗ ಇಸಿಜಿ ತೆಗೆಸಲೇಬೇಕು. ಆದರೆ ಇಸಿಜಿ ಸರಿಯಿದೆ ಎಂದ ಮೇಲೂ ಚರ್ಮ ಮುಟ್ಟಿದರೆ ಉರಿ, ಅದೂ ಒಂದೇ ಬದಿಗೆ ಇದ್ದರೆ, ದಿನಾ ಎರಡು ಸಲ ಅಂಗಿ ಬಿಚ್ಚಿ ಬೆಳಕಿಗೆ ನಿಂತು ಮನೆಯವರಿಂದ ಬೆನ್ನು ನೋಡಿಸಿಕೊಳ್ಳಿ. ಕೆಂಪು ನೆಲದ ಮೇಲೆ ಸಾಬುದಾಣಿಯಷ್ಟು ಸಣ್ಣ ನೀರ್ಗುಳ್ಳೆಗಳ ಗುಂಪು ಕಂಡಿತೋ, ಆ ಗಳಿಗೆಯಿಂದ ಔಷಧ ಶುರು ಮಾಡಲು ನಿಮ್ಮ ಕೈಯಲ್ಲಿರುವುದು 72 ತಾಸು. ಮೂರು ದಿನ.

ಇಡೀ ಭಾಷಣದಲ್ಲಿ ಒಂದೇ ಮಾತು ನೆನಪಿಡಿ ಎಂದರೆ ಇದನ್ನೇ ಹೇಳುತ್ತೇನೆ: ಆ ಮೂರು ದಿನವನ್ನು ಹಾಳು ಮಾಡಿಕೊಳ್ಳಬೇಡಿ.

ಹಾಳಾಗುವುದು ಹೇಗೆಂದು ನಿಮಗೆಲ್ಲ ಗೊತ್ತು. ಗುಳ್ಳೆ ಕಂಡ ದಿನ ಹುರಮಂಜಿಯನ್ನೋ ಕೆಮ್ಮಣ್ಣನ್ನೋ ಕಲಸಿ ಹಚ್ಚುತ್ತಾರೆ. ಎರಡನೆಯ ದಿನ ಪಕ್ಕದ ಊರಲ್ಲಿ ಮಂತ್ರ ಹಾಕುವವರಿದ್ದಾರೆ ಎಂದು ಯಾರೋ ಹೇಳುತ್ತಾರೆ. ಅವರು ಇಂಥ ವಾರವೇ ಬರಬೇಕು ಅನ್ನುತ್ತಾರೆ. ಅಲ್ಲಿಗೆ ಹೋಗಿ ಗರಿಕೆಯಿಂದ ಮಣ್ಣು ಸವರಿಸಿಕೊಂಡು, ಮೂರು ಸರತಿಯಲ್ಲಿ ಎರಡು ಮುಗಿಸಿ, ಉರಿ ತಡೆಯಲಾರದೆ ನಮ್ಮ ಹತ್ತಿರ ಬರುವಷ್ಟರಲ್ಲಿ ಎಂಟು ದಿನ ದಾಟಿರುತ್ತದೆ. ಗುಳ್ಳೆಯ ಮೇಲೆ ಮಣ್ಣು ಹೆಕ್ಕಳಿಕೆ ಕಟ್ಟಿ, ಕೆಳಗೆ ಕೀವು ತುಂಬಿ, ನಾವು ನೋಡಬೇಕಾದ ಚರ್ಮವೇ ಕಾಣದಂತಾಗಿರುತ್ತದೆ.

ಮಣ್ಣು ಹಚ್ಚುವವರನ್ನು ಬೈಯಲು ನಾನಿಲ್ಲಿ ಕೂತಿಲ್ಲ. ಅವರಲ್ಲಿ ಬಹಳ ಜನ ದುಡ್ಡೂ ಮುಟ್ಟುವುದಿಲ್ಲ, ಒಂದು ತೆಂಗಿನಕಾಯಿಗೆ ಒಪ್ಪುತ್ತಾರೆ. ಜನಕ್ಕೆ ಗುಣವಾದಂತೆ ಕಂಡಿದ್ದೂ ನಿಜ. ಸರ್ಪಸುತ್ತಿನ ಗುಳ್ಳೆಗಳು ಏನೂ ಮಾಡದಿದ್ದರೂ ಏಳರಿಂದ ಹತ್ತು ದಿನಕ್ಕೆ ಒಣಗಿ ಹೆಕ್ಕಳಿಕೆಯಾಗುತ್ತವೆ, ಎರಡರಿಂದ ನಾಲ್ಕು ವಾರಕ್ಕೆ ಮಾಯುತ್ತವೆ. ಮೂರು ವಾರದ ಮಂತ್ರ ಹಾಕಿದವರಿಗೆ ಮೂರನೆಯ ವಾರ ಯಶಸ್ಸು ಬಾರದೆ ಇರುವುದು ಹೇಗೆ? ಹುಣ್ಣು ತಾನಾಗಿ ಮಾಯುತ್ತದೆ. ಮಾಯದೆ ಉಳಿಯುವುದು ನರಕ್ಕಾದ ಪೆಟ್ಟು, ಆ ಪೆಟ್ಟಿಗೆ ಮಣ್ಣು ಮುಟ್ಟುವುದಿಲ್ಲ. ನಂಬಿಕೆ ಬಿಡಲಾಗದವರು ನಾಗಪ್ಪನಿಗೆ ಹಾಲೆರೆದು ಕೈಮುಗಿಯಿರಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಗುಳಿಗೆ ಮಾತ್ರ ಅವತ್ತೇ ಶುರುವಾಗಲಿ. ಹುಣ್ಣಿನ ಮೇಲೆ ಮಣ್ಣು, ಸಗಣಿ, ಅರಿಶಿಣ ಯಾವುದೂ ಬೇಡ.

ಗುಳಿಗೆ ಎಂದೆನಲ್ಲ, ಅದರ ಹೆಸರು ಅಸೈಕ್ಲೋವಿರ್. ಗರ್ಟ್ರೂಡ್ ಎಲಿಯನ್ ಎಂಬ ಅಮೆರಿಕದ ವಿಜ್ಞಾನಿ ಮತ್ತವರ ಸಂಗಡಿಗರು 1970ರ ದಶಕದಲ್ಲಿ ರೂಪಿಸಿದ ಔಷಧ. ವೈರಾಣುವನ್ನು ಮಣಿಸಿ ಮನುಷ್ಯನ ಜೀವಕೋಶಕ್ಕೆ ಹೆಚ್ಚು ಪೆಟ್ಟು ಕೊಡದ ಮದ್ದು ಸಾಧ್ಯವೇ ಇಲ್ಲ ಎಂದು ಬಹಳ ಜನ ನಂಬಿದ್ದ ಕಾಲ ಅದು. ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು.  ದೊಡ್ಡವರಿಗೆ ಅಸೈಕ್ಲೋವಿರ್ ಸಾಮಾನ್ಯವಾಗಿ ಬರೆದುಕೊಡುವ ಅಳತೆ 800 ಮಿಲಿಗ್ರಾಂ, ದಿನಕ್ಕೆ ಐದು ಸಲ, ಏಳು ದಿನ. ಒಟ್ಟು 35 ಗುಳಿಗೆ. ಐದು ಸಲ ಎಂದರೆ ಜನ ಹೌಹಾರುತ್ತಾರೆ. ಮುಂಜಾನೆ ಆರು, ಹತ್ತು, ಮಧ್ಯಾಹ್ನ ಎರಡು, ಸಂಜೆ ಆರು, ರಾತ್ರಿ ಹತ್ತು ಎಂದು ಚೀಟಿಯಲ್ಲಿ ಗಡಿಯಾರದ ಚಿತ್ರ ಬರೆದುಕೊಟ್ಟರೆ ಓದು ಬಾರದ ಅಜ್ಜಿಯೂ ತಪ್ಪಿಸುವುದಿಲ್ಲ. ಅದು ಕಷ್ಟ ಅನ್ನುವವರಿಗೆ ದಿನಕ್ಕೆ ಮೂರೇ ಸಲ ನುಂಗುವ ವ್ಯಾಲಸೈಕ್ಲೋವಿರ್, ಫ್ಯಾಮ್‌ಸೈಕ್ಲೋವಿರ್ ಇವೆ, ಬೆಲೆ ಹೆಚ್ಚು. ಗುಳಿಗೆ ಜೊತೆ ನೀರು ಚೆನ್ನಾಗಿ ಕುಡಿಯಬೇಕು. ಕಿಡ್ನಿ ತೊಂದರೆ ಇರುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಅವರಿಗೆ ಅಳತೆ ಬೇರೆ.

ಇಲ್ಲೊಂದು ಮಾತು. ಔಷಧಿ ಅಂಗಡಿಗೆ ಹೋಗಿ “ಸರ್ಪಸುತ್ತಿಗೆ ಏನರ ಕೊಡ್ರಿ” ಅಂದರೆ ಹಲವು ಸಲ ಕೈಗೆ ಬರುವುದು ಒಂದು ಸಣ್ಣ ಮುಲಾಮಿನ ಟ್ಯೂಬು. ಅದರ ಮೇಲೂ ಅಸೈಕ್ಲೋವಿರ್ ಎಂದೇ ಬರೆದಿರುತ್ತದೆ. ವೈರಾಣು ಇರುವುದು ಒಳಗಿನ ನರದಲ್ಲಿ; ಮೇಲೆ ಹಚ್ಚಿದ ಮುಲಾಮು ಅಲ್ಲಿಗೆ ತಲುಪುವುದಿಲ್ಲ. ಸರ್ಪಸುತ್ತಿಗೆ ಗುಳಿಗೆಯೇ ಬೇಕು. ಟ್ಯೂಬು ಹಚ್ಚಿಕೊಂಡು ಮೂರು ದಿನ ಕಳೆದವರನ್ನು ನೋಡಿದರೆ ನನಗೆ ಕೆಮ್ಮಣ್ಣಿನವರಿಗಿಂತ ಹೆಚ್ಚು ಮರುಕವಾಗುತ್ತದೆ, ಏಕೆಂದರೆ ಅವರು ಔಷಧ ಮಾಡಿದ್ದೇವೆ ಎಂದೇ ನಂಬಿರುತ್ತಾರೆ.

ಗುಳಿಗೆಯಿಂದ ಗುಳ್ಳೆ ಬೇಗ ಒಣಗುತ್ತದೆ, ಮೊದಲ ವಾರಗಳ ನೋವು ತಗ್ಗುತ್ತದೆ. ಮುಂದೆ ತಿಂಗಳುಗಟ್ಟಲೆ ಕಾಡುವ ಉರಿ ಬರುವುದೇ ಇಲ್ಲ ಎಂದು ಯಾರೂ ಬರೆದುಕೊಡಲಾರರು. ಆದರೂ ಆ ಮೂರು ದಿನದಲ್ಲಿ ನಮ್ಮ ಕೈಯಲ್ಲಿರುವುದು ಇದೊಂದೇ. ಮೂರು ದಿನ ದಾಟಿದ ಮೇಲೂ ಹೊಸ ಗುಳ್ಳೆ ಏಳುತ್ತಿದ್ದರೆ ಗುಳಿಗೆ ಕೊಡುತ್ತೇವೆ. ತಡವಾಯಿತೆಂದು ಮನೆಯಲ್ಲಿ ಕೂರಬೇಡಿ.

ಮುಖದ ಮೇಲೆ ಎದ್ದರೆ ಮೂರು ದಿನವೂ ಕಾಯುವಂತಿಲ್ಲ. ಹಣೆ, ರೆಪ್ಪೆ, ಅದರಲ್ಲೂ ಮೂಗಿನ ತುದಿಯಲ್ಲಿ ಗುಳ್ಳೆ ಕಂಡರೆ ಅದೇ ನರದ ಟಿಸಿಲು ಕಣ್ಣಿನೊಳಕ್ಕೂ ಹೋಗಿದೆ ಎಂದು ತಿಳಿಯಿರಿ. ಕಣ್ಣು ಕೆಂಪಾಗಿರಲಿ ಬಿಡಲಿ, ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಬಾಗಲಕೋಟೆಯೋ, ವಿಜಯಪುರವೋ, ನಮ್ಮ ಹಿರಿಯರು ಹೋಗುತ್ತಿದ್ದ ಮೀರಜವೋ, ಯಾವುದು ಹತ್ತಿರವೋ ಅಲ್ಲಿಗೆ. ಕಿವಿಯೊಳಗೆ ಗುಳ್ಳೆ ಎದ್ದು ಬಾಯಿ ಒಂದು ಬದಿಗೆ ಸೊಟ್ಟಗಾದರೂ ಹಾಗೆಯೇ. ಅದನ್ನು ಗಾಳಿ ಹೊಡೆದಿದೆ ಎಂದು ತಿಕ್ಕಿಸುತ್ತ ಕೂರುವುದು ನಮ್ಮ ಕಡೆ ಇನ್ನೂ ನಿಂತಿಲ್ಲ.

ಇದು ವಯಸ್ಸಾದವರ ರೋಗ ಎಂದೆ. ಆದರೆ ಇಪ್ಪತ್ತೈದು ಮೂವತ್ತರ ಪ್ರಾಯದವರಿಗೂ ಬರುತ್ತದೆ. ದಣಿವಿಗೆ ಬಂತು ಎಂದು ಅನೇಕ ಸಲ ಅಲ್ಲಿಗೇ ಮುಗಿಯುತ್ತದೆ. ಆದರೂ ಪ್ರಾಯದಲ್ಲಿ, ಅದೂ ಜೋರಾಗಿ ಅಥವಾ ಮತ್ತೆ ಮತ್ತೆ ಬಂದರೆ ಎಚ್.ಐ.ವಿ. ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದು. ಮರೆಮಾಚಿ ಹೇಳುವ ಕಾಲ ಇದಲ್ಲ. ಈ ಶತಮಾನದ ಮೊದಲ ವರ್ಷಗಳಲ್ಲಿ ರಾಜ್ಯದಲ್ಲಿ ಎಚ್.ಐ.ವಿ. ಹೆಚ್ಚಾಗಿದ್ದ ಜಿಲ್ಲೆಗಳಲ್ಲಿ ಬಾಗಲಕೋಟೆಯೂ ಒಂದಾಗಿತ್ತು. ಆಗ ನಮ್ಮ ಹಳ್ಳಿಗಳಲ್ಲಿ ಕೆಲವರಿಗೆ ಆ ಸೋಂಕಿನ ಮೊದಲ ಗುರುತಾಗಿ ಕಂಡದ್ದು ಸರ್ಪಸುತ್ತೇ. 2004ರ ಏಪ್ರಿಲ್‌ನಿಂದ ಸರ್ಕಾರ ಅದರ ಔಷಧಿಯನ್ನು ಪುಕ್ಕಟೆ ಕೊಡಲು ಶುರು ಮಾಡಿತು, ತಪಾಸಣೆಯೂ ಪುಕ್ಕಟೆ, ಗುಟ್ಟಾಗಿಯೇ ನಡೆಯುತ್ತದೆ. ಗುಳಿಗೆ ತಪ್ಪಿಸದೆ ನುಂಗುವವರು ಇವತ್ತು ಉಳಿದವರಂತೆ ದುಡಿದು, ಮಕ್ಕಳ ಮದುವೆ ಮಾಡಿ ಬಾಳುತ್ತಿದ್ದಾರೆ. ಎಚ್.ಐ.ವಿ. ಇರಬಹುದೆಂದು ಸರ್ಪಸುತ್ತು ಆದವರನ್ನೆಲ್ಲ ಅನುಮಾನದಿಂದ ನೋಡುವವರೂ ಇದ್ದಾರೆ. ಅಂಥವರಿಗೆ ಹೇಳುತ್ತೇನೆ: ಅಮೆರಿಕದ ಲೆಕ್ಕದಲ್ಲಿ ಮೂವರಲ್ಲಿ ಒಬ್ಬರಿಗೆ ಜೀವನದಲ್ಲಿ ಒಮ್ಮೆ ಈ ರೋಗ ಬರುತ್ತದೆ. ಅವರಲ್ಲಿ ಬಹುತೇಕರ ದೋಷ ವಯಸ್ಸಾದದ್ದು, ಅಷ್ಟೇ.

ಈಗ ಉರಿಯ ವಿಷಯಕ್ಕೆ ಬರುತ್ತೇನೆ. ನಾನು ಹೆಚ್ಚು ಹೇಳಬೇಕೆಂದು ಬಂದದ್ದು ಇದನ್ನೇ.

ಬನಹಟ್ಟಿಯ ಒಬ್ಬ ನೇಕಾರ ಕಾಕಾ ದವಾಖಾನೆಗೆ ಬಂದಾಗ ಅಂಗಿಯ ಎಡಬದಿಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು, ಮೈಗೆ ತಾಗದಂತೆ ದೂರ ಎಳೆದುಕೊಂಡೇ ನಡೆದು ಬಂದರು. ಕೂತರೂ ಬೆರಳು ಬಿಡಲಿಲ್ಲ. ಫ್ಯಾನು ಹಾಕಬೇಡಿ ಎಂದರು. ಗಾಳಿ ಬಡಿದರೆ ಉರಿಯುತ್ತದಂತೆ. ನೋಡಿದರೆ ಹೊಕ್ಕುಳಿನ ಮಟ್ಟಕ್ಕೆ ಎಡಗಡೆ ಬಿಳಿಚಿದ ಕಲೆಗಳ ಒಂದು ಪಟ್ಟಿ, ಹುಣ್ಣು ಪೂರ್ತಿ ಮಾದಿದೆ. ಕುಣಿಮಗ್ಗದಲ್ಲಿ ಕೂತರೆ ನೇಯ್ದ ಸೀರೆ ಸುತ್ತಿಕೊಳ್ಳುವ ದಿಂಡು ಸರಿಯಾಗಿ ಅಲ್ಲಿಗೇ ಬರುತ್ತದೆ. “ಲಾಳಿ ಒಗದಾಗೊಮ್ಮೆ ಕೆಂಡ ಇಟ್ಟಂಗ ಆಗತೈತ್ರಿ. ರಾತ್ರಿ ಅಂತೂ ನಿದ್ದಿನ ಇಲ್ಲ” ಎಂದರು. ಮಗ ಪಕ್ಕಕ್ಕೆ ಕರೆದು, “ಗಾಯ ಮಾಯ್ದು ನಾಕ ತಿಂಗಳಾತ್ರಿ. ಈಗೆಲ್ಲಿ ಬ್ಯಾನಿ? ಮಗ್ಗಕ್ಕ ಕೂಡಾಕ ಒಲ್ಲೆ ಅನ್ನಾಕ ಅಪ್ಪಗ ಇದೊಂದ ನೆವ” ಎಂದ. ಜೀವನವಿಡೀ ಬಟ್ಟೆ ನೇಯ್ದವರಿಗೆ ಬಟ್ಟೆ ತಾಗಿದರೆ ನೋವಾಗುತ್ತದೆ ಎಂದರೆ ನಂಬುವುದು ಕಷ್ಟ, ಒಪ್ಪುತ್ತೇನೆ. ಆದರೆ ಅದು ನಿಜವಾದ ನೋವು.

ಪಾವರ್‌ಲೂಮಿಗೆ ಕರೆಂಟು ಒಯ್ಯುವ ವೈರಿನ ಮೇಲಿನ ರಬ್ಬರು ಸುಟ್ಟುಹೋದರೆ ಸುಮ್ಮನೆ ತಾಗಿದ್ದಕ್ಕೂ ಕಿಡಿ ಹಾರುವ ಹಾಗೆ, ವೈರಾಣು ಸುಟ್ಟ ನರ ಸಣ್ಣ ಸವರಿಕೆಯನ್ನೂ ಮಿದುಳಿಗೆ ಬೆಂಕಿಯೆಂದು ಸುದ್ದಿ ಮುಟ್ಟಿಸುತ್ತದೆ. ಹುಣ್ಣು ಎದ್ದು ಮೂರು ತಿಂಗಳಾದ ಮೇಲೂ ಉಳಿದ ಇಂಥ ನೋವನ್ನು ನಾವು ಸರ್ಪಸುತ್ತಿನ ನಂತರದ ನರಶೂಲೆ ಎಂದು ಕರೆಯುತ್ತೇವೆ. ರೋಗ ಬಂದ ನೂರು ಜನರಲ್ಲಿ 10ರಿಂದ 18 ಮಂದಿಗೆ ಇದು ಅಂಟಿಕೊಳ್ಳುತ್ತದೆ ಎಂಬ ಅಂದಾಜಿದೆ. ನಲವತ್ತರ ಒಳಗಿನವರಲ್ಲಿ ಅಪರೂಪ, ಅರವತ್ತು ದಾಟಿದವರಲ್ಲಿ ಬಹಳ. ಗುಳ್ಳೆ ಎದ್ದ ಮೊದಲ ದಿನಗಳಲ್ಲಿ ನೋವು ಹೆಚ್ಚಿದ್ದವರಿಗೂ ಇದರ ಭಯ ಹೆಚ್ಚು. ಆದ್ದರಿಂದ ಮೊದಲ ವಾರದ ನೋವನ್ನು ಹಲ್ಲು ಕಚ್ಚಿ ತಡೆದುಕೊಳ್ಳುವುದು ಗಂಡಸುತನವೂ ಅಲ್ಲ, ಜಾಣತನವೂ ಅಲ್ಲ. ಮೊದಲಿನಿಂದಲೇ ನೋವಿಗೆ ಔಷಧ ಕೇಳಿ. ಪ್ಯಾರಾಸಿಟಮಾಲ್‌ನಿಂದ ಶುರು ಮಾಡುತ್ತೇವೆ, ಸಾಲದಿದ್ದರೆ ಮೇಲಿನದು ಕೊಡುತ್ತೇವೆ. ಅಂಗಡಿಯಿಂದ ದಿನಾ ನೋವಿನ ಗುಳಿಗೆ ಕೊಂಡು ನುಂಗುತ್ತ ಹೋದರೆ ಮಾತ್ರ ಹೊಟ್ಟೆಯೂ ಕಿಡ್ನಿಯೂ ಕೆಡುತ್ತವೆ.

ನರಶೂಲೆ ಅಂಟಿದ ಮೇಲೆ ಸಾಮಾನ್ಯ ನೋವಿನ ಗುಳಿಗೆ ನಾಟುವುದೇ ಇಲ್ಲ. ಅದಕ್ಕೆ ನರವನ್ನು ತಣಿಸುವ ಬೇರೆ ಔಷಧಿಗಳಿವೆ: ಗ್ಯಾಬಾಪೆಂಟಿನ್, ಪ್ರೆಗ್ಯಾಬಲಿನ್, ಅಮಿಟ್ರಿಪ್ಟಿಲಿನ್. ಗುಳಿಗೆಯ ಚೀಟಿಯನ್ನು ಓದು ಬಲ್ಲ ಮೊಮ್ಮಗ ಮೊಬೈಲಿನಲ್ಲಿ ಹುಡುಕಿ, “ಅಜ್ಜಾ, ಇದು ಫಿಟ್ಸಿನ ಗುಳಿಗಿ, ಇದು ಮಾನಸಿಕ ರೋಗದ್ದು” ಎಂದು ಹೇಳಿ ಹೆದರಿಸುತ್ತಾನೆ. ಹೌದು, ಇವು ಆ ರೋಗಗಳಿಗೂ ಕೊಡುವ ಮದ್ದುಗಳೇ. ನರಶೂಲೆಗೆ ಕೊಡುವುದು ಬೇರೆ ಉದ್ದೇಶಕ್ಕೆ, ಅಮಿಟ್ರಿಪ್ಟಿಲಿನ್ ಆದರೆ ರಾತ್ರಿ ಮಲಗುವಾಗ ಬಹಳ ಸಣ್ಣ ಅಳತೆಯಲ್ಲಿ. ಇವತ್ತು ನುಂಗಿದರೆ ನಾಳೆ ನೋವು ಹೋಗುವುದಿಲ್ಲ. ಅಳತೆಯನ್ನು ಮೆಲ್ಲಗೆ ಏರಿಸುತ್ತ ಎರಡು ಮೂರು ವಾರ ಕಾಯಬೇಕು. ಎರಡು ದಿನ ನುಂಗಿ ಬಿಸಾಡಿದವರಿಗೆ, ನಾಲ್ಕು ತಿಂಗಳು ನುಂಗಿ ಒಮ್ಮೆಲೇ ನಿಲ್ಲಿಸಿದವರಿಗೆ ಇಬ್ಬರಿಗೂ ತೊಂದರೆ. ಮೊದಲ ದಿನಗಳಲ್ಲಿ ಜೋಂಪು, ತಲೆಸುತ್ತು ಬರುತ್ತದೆ. ಪಾವರ್‌ಲೂಮಿನ ಮುಂದೆ ನಿಲ್ಲುವವರು, ಟ್ರ್ಯಾಕ್ಟರ್ ಹೊಡೆಯುವವರು, ಕಬ್ಬಿನ ಗಾಣದಲ್ಲಿ ಕೆಲಸ ಮಾಡುವವರು ಅಷ್ಟು ದಿನ ಬೇರೆ ಕೆಲಸ ನೋಡಿಕೊಳ್ಳಬೇಕು. ರಾತ್ರಿ ಮೂತ್ರಕ್ಕೆ ಏಳುವ ಅಜ್ಜನ ಕೈಗೆ ಕೋಲು ಸಿಗುವಂತಿರಲಿ, ದೀಪವೊಂದು ಉರಿಯುತ್ತಿರಲಿ. ಮೂತ್ರ ಕಟ್ಟುವ ತೊಂದರೆ, ಹೃದಯದ ಬೇನೆ ಇದ್ದವರಿಗೆ ಅಮಿಟ್ರಿಪ್ಟಿಲಿನ್ ಆಗಿಬರುವುದಿಲ್ಲ, ಅದನ್ನು ಮುಂಚೆಯೇ ಹೇಳಿ.

ಮರಗಟ್ಟಿಸುವ ಲಿಡೊಕೇನ್ ಪಟ್ಟಿಗಳೂ ಇವೆ, ಹುಣ್ಣು ಪೂರ್ತಿ ಮಾದ ಚರ್ಮದ ಮೇಲೆ ಅಂಟಿಸುವಂಥವು. ಇನ್ನೊಂದು ಮದ್ದು ಕೇಳಿದರೆ ನಿಮಗೆ ನಗು ಬರಬಹುದು: ಮೆಣಸಿನಕಾಯಿ. ಕಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಎಂಬ ಸತ್ವವನ್ನು ಅಳತೆಯಾಗಿ ಬೆರೆಸಿದ ಮುಲಾಮು ಮೊದಮೊದಲು ಉರಿಸಿ, ಹಚ್ಚುತ್ತ ಹೋದಂತೆ ನರದ ತುದಿಗಳನ್ನು ದಣಿಸಿ ಸುಮ್ಮನಾಗಿಸುತ್ತದೆ.  ಇದನ್ನು ಕೇಳಿ ಯಾರೂ ಮನೆಯ ಕಾರಪುಡಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿಕೊಳ್ಳಬೇಡಿ, ಚರ್ಮ ಸುಟ್ಟು ಮತ್ತೊಂದು ಹುಣ್ಣಾಗುತ್ತದೆ. ಇದಾವುದಕ್ಕೂ ಜಗ್ಗದಿದ್ದರೆ ನರಕ್ಕೆ ಸೂಜಿ ಹಾಕಿ ನೋವು ತಡೆಯುವ ತಜ್ಞರು ದೊಡ್ಡ ಊರುಗಳಲ್ಲಿದ್ದಾರೆ.

ಮನೆಯಲ್ಲಿ ಮಾಡುವುದು ಇಷ್ಟು. ಗುಳ್ಳೆ ಹಸಿಯಿರುವಾಗ ದಿನಾ ಉಗುರುಬೆಚ್ಚಗಿನ ನೀರಲ್ಲಿ ಜಳಕ ಮಾಡಿ ಮೆಲ್ಲಗೆ ಒತ್ತಿ ಒರೆಸಿ. ಮೈಗೆ ನೀರು ಮುಟ್ಟಿಸಬಾರದೆಂಬುದು ಸುಳ್ಳು. ತಣ್ಣೀರಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಹತ್ತಿಬಟ್ಟೆ ಸ್ವಲ್ಪ ಹೊತ್ತು ಇಟ್ಟರೆ ಉರಿ ತಗ್ಗುತ್ತದೆ, ಐಸು ಬೇಡ. ನರಶೂಲೆಯಾದವರು ಸಡಿಲ ಅಂಗಿ ಹಾಕುತ್ತಾರೆ. ಅದು ನಡೆದಂತೆಲ್ಲ ಸವರಿ ಹೆಚ್ಚು ನೋಯಿಸುತ್ತದೆ. ಮೈಗಂಟುವ ಹಳೆಯ ಹತ್ತಿ ಬನಿಯನ್ನು ಅಲುಗಾಡದೆ ಕೂತರೆ ಕೆಲವರಿಗೆ ಅದೇ ಆರಾಮ. ಕಾಕಾ ಅವರಿಗೂ ಗುಳಿಗೆಗಿಂತ ಮೊದಲು ಬೆರಳು ಬಿಡಿಸಿದ್ದು ಒಳಗೆ ಹಾಕಿಸಿದ ಒಂದು ಬಿಗಿ ಬನಿಯನ್ನೇ. ಇನ್ನು ಪಥ್ಯ. ಬದನೆ ನಂಜು, ಮೊಸರು ನಂಜು ಎಂದು ಎಪ್ಪತ್ತು ವರ್ಷದವರಿಗೆ ತಿಂಗಳುಗಟ್ಟಲೆ ಬರೀ ನುಚ್ಚು ಹಾಕುವುದುಂಟು. ಸೊರಗಿದ ಮೈಗೆ ರೊಟ್ಟಿ, ಬೇಳೆ, ಹಾಲು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ, ಎಲ್ಲವೂ ಬೇಕು.

ಸರ್ಪಸುತ್ತಿನಿಂದ ಇನ್ನೊಬ್ಬರಿಗೆ ಸರ್ಪಸುತ್ತು ಅಂಟುವುದಿಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಸೀತಾಳೆ ಸಿಡುಬು ಎಂದೂ ಆಗದವರಿಗೆ ಆ ಸಿಡುಬು ಬರಬಹುದು. ಹೆರಿಗೆಗೆಂದು ತವರಿಗೆ ಬಂದ ಮಗಳು, ತೊಟ್ಟಿಲ ಕೂಸು, ಕ್ಯಾನ್ಸರಿನ ಔಷಧಿ ತೆಗೆದುಕೊಳ್ಳುವವರು ಮನೆಯಲ್ಲಿದ್ದರೆ ಗುಳ್ಳೆಗಳು ಪೂರ್ತಿ ಹೆಕ್ಕಳಿಕೆ ಕಟ್ಟುವವರೆಗೆ ಬಟ್ಟೆ ಸುತ್ತಿ ಮುಚ್ಚಿರಿ, ಟವೆಲು ಬೇರೆ ಇಡಿ. ಅಜ್ಜನನ್ನು ಕೊಟ್ಟಿಗೆಗೆ ದೂಡುವ ಅಗತ್ಯವಿಲ್ಲ.

ತಡೆಯುವ ದಾರಿಯ ಮಾತು ಉಳಿಯಿತು. ಸಕ್ಕರೆ ಕಾಯಿಲೆ ಹಿಡಿತದಲ್ಲಿರಬೇಕು. ಮೊಣಕಾಲು ನೋವಿಗೆಂದು ಹೆಸರಿಲ್ಲದ ಪುಡಿಕೆಗಳಲ್ಲಿ ಕಟ್ಟಿ ಕೊಡುವ ಗುಳಿಗೆ, ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು, ಅವು ಮೈಯ ಕಾವಲನ್ನು ಕುಗ್ಗಿಸುತ್ತವೆ. ಆದರೂ ಖಚಿತವಾಗಿ ತಡೆಯುವುದು ಲಸಿಕೆ. ಜಪಾನಿನ ಮಿಚಿಯಾಕಿ ತಕಹಾಶಿ ತಮ್ಮ ಮಗ ಸೀತಾಳೆ ಸಿಡುಬಿನಿಂದ ನರಳಿದ್ದನ್ನು ಕಂಡು, ಅದಕ್ಕೆ ಲಸಿಕೆ ರೂಪಿಸಿ 1974ರಲ್ಲಿ ಪ್ರಕಟಿಸಿದರು. ಅದೇ ದಾರಿಯಲ್ಲಿ 2006ರಲ್ಲಿ ಅಮೆರಿಕದಲ್ಲಿ ಸರ್ಪಸುತ್ತಿಗೂ ಲಸಿಕೆ ಬಂತು. ಈಗ ಬಳಕೆಯಲ್ಲಿರುವುದು ಅದಕ್ಕಿಂತ ಬೇರೆ ಬಗೆಯದು, ಜೀವಂತ ವೈರಾಣು ಇಲ್ಲದ್ದು. ಶಿಂಗ್ರಿಕ್ಸ್ ಎಂಬ ಹೆಸರಿನಲ್ಲಿ 2023ರಿಂದ ನಮ್ಮ ದೇಶದಲ್ಲೂ ಸಿಗುತ್ತದೆ. ಐವತ್ತು ದಾಟಿದವರಿಗೆ ಎರಡು ಸೂಜಿ, ನಡುವೆ ಎರಡರಿಂದ ಆರು ತಿಂಗಳ ಅಂತರ. 2015ರಲ್ಲಿ ಹೊರಬಂದ ದೊಡ್ಡ ಪರೀಕ್ಷೆಯಲ್ಲಿ ಅದು ರೋಗವನ್ನು ಶೇಕಡ 97ರಷ್ಟು ತಡೆದಿತ್ತು, ಎಪ್ಪತ್ತು ದಾಟಿದವರ ಮೇಲೆ ನಡೆದು 2016ರಲ್ಲಿ ಹೊರಬಂದ ಇನ್ನೊಂದು ಪರೀಕ್ಷೆಯಲ್ಲಿ ಶೇಕಡ 90ರ ಸುಮಾರು. ಹುಣ್ಣೇ ಬರದಿದ್ದರೆ ನರಶೂಲೆಯೂ ಇಲ್ಲ.

ಕಷ್ಟ ಇರುವುದು ಬೆಲೆಯಲ್ಲಿ. ಒಂದು ಸೂಜಿಗೇ ಹತ್ತು ಸಾವಿರ ರೂಪಾಯಿ ಆಸುಪಾಸು, ಎರಡಕ್ಕೆ ಅದರ ಇಮ್ಮಡಿ. ಸರ್ಕಾರದ ಲಸಿಕೆ ಕಾರ್ಯಕ್ರಮದಲ್ಲಿ ಅದಿಲ್ಲ. ಸೀರೆಗೆ ಇಷ್ಟು ಎಂದು ಕೂಲಿ ಎಣಿಸುವ ರಬಕವಿಯ ನೇಕಾರನಿಗೆ, ಹಿನ್ನೀರಿನಲ್ಲಿ ಹೊಲ ಕಳೆದುಕೊಂಡು ಪುನರ್ವಸತಿ ಕೇಂದ್ರದಲ್ಲಿರುವ ಬೀಳಗಿಯ ರೈತನಿಗೆ, ಎಲ್ಲರೂ ಹಾಕಿಸಿಕೊಳ್ಳಿ ಎಂದು ರೇಡಿಯೋದಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ. ಕೊಳ್ಳುವ ಶಕ್ತಿ ಇದ್ದವರು ಹಾಕಿಸಿಕೊಳ್ಳಿ. ಪುಣೆಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ದೀಪಾವಳಿಗೆ ಅಪ್ಪ ಅವ್ವನಿಗೆ ಕಾಲು ಒತ್ತುವ ಯಂತ್ರ ಕಳಿಸುತ್ತಾರಲ್ಲ, ಆ ದುಡ್ಡನ್ನು ಇದಕ್ಕೆ ಹಾಕಲಿ. ದುಡ್ಡು ಹೊಂದಿಸಿಯಾದರೂ ಮೊದಲು ಯೋಚಿಸಬೇಕಾದವರು ಕಿಡ್ನಿ ಕಸಿ ಮಾಡಿಸಿಕೊಂಡವರು, ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರು, ಕೀಲುವಾತಕ್ಕೆ ದಿನಾ ಬಲವಾದ ಗುಳಿಗೆ ನುಂಗುವವರು. ಇಂಥವರಿಗೆ ಹದಿನೆಂಟು ದಾಟಿದ್ದರೂ ಕೊಡಬಹುದು. ಯಾವಾಗ ಎಂಬುದನ್ನು ಅವರ ಡಾಕ್ಟರು ಹೇಳಬೇಕು. ಒಮ್ಮೆ ಸರ್ಪಸುತ್ತು ಆಗಿಹೋದವರೂ ಹುಣ್ಣು ಪೂರ್ತಿ ಮಾದ ಮೇಲೆ ಹಾಕಿಸಿಕೊಳ್ಳಬಹುದು, ಏಕೆಂದರೆ ಅದು ಎರಡನೆಯ ಸಲವೂ ಬರುತ್ತದೆ. ಆದರೆ ಈಗಾಗಲೇ ಇರುವ ಉರಿಯನ್ನು ಲಸಿಕೆ ಇಳಿಸುವುದಿಲ್ಲ.

ಸೂಜಿ ಹಾಕಿದ ತೋಳು ಒಂದೆರಡು ದಿನ ನೋಯುತ್ತದೆ, ಮೈ ಬೆಚ್ಚಗಾಗುತ್ತದೆ, ಮೈಕೈ ನೋವೂ ಇರುತ್ತದೆ. ಅದಕ್ಕೆ ಹೆದರಿ ಎರಡನೆಯದನ್ನು ಬಿಡುವವರಿದ್ದಾರೆ. ಬಿಟ್ಟು ಆರು ತಿಂಗಳು ದಾಟಿದ್ದರೂ ಮತ್ತೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಹೋಗಿ ಉಳಿದ ಒಂದನ್ನು ಹಾಕಿಸಿಕೊಂಡರೆ ಆಯಿತು.